ಹಳೆಯ ಎಕ್ಸ್‌ಟಿ (ಐಬಿಎಂ ಮಾದರಿಯ) ಪಿಸಿಯ 9 ಪಿನ್ ವಿಡಿಯೋ ಕಾರ್ಡಿಗೆ ವಿಜಿಎ ಮಾನಿಟರ್ ಹಾಕಬಹುದಾ?

ಸುಮ್ನೆ ಪಿನ್ ಬದಲಿಸಿದರೆ ಆಗೋದಿಲ್ಲ. ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಯವರು 9ರಿಂದ 15 ಪಿನ್ನಿನ ಕನೆಕ್ಟರ್ ಕೊಟ್ಟು "ಹಾಕ್ಕೊಳ್ಳಿ ಸಾರ್, ಬರುತ್ತೆ" ಅಂದರು ಅಂತ ಬರೆದಿದ್ದೀರಿ. ಅಂಥ ಕನೆಕ್ಟರುಗಳು ಎರಡೂ ಥರದ ಸಿಗ್ನಲ್ ಹಿಡಿಯುತ್ತಿದ್ದ ಹಳೆಯ ಮಲ್ಟಿಸಿಂಕ್ ಮಾನಿಟರುಗಳಿಗೆ. ನಿಮ್ಮ ಎಲ್‌ಸಿಡಿಗಲ್ಲ.

ಮೊದಲು ಕಾರ್ಡ್ ಯಾವುದು ನೋಡಿ. ಸಾಕೆಟ್‌ನಲ್ಲಿ ತೂತುಗಳಿರಬೇಕು. ಪಿನ್ನುಗಳೇ ಹೊರಗೆ ಕಾಣ್ತಿದ್ದರೆ ಅದು ಸೀರಿಯಲ್ ಪೋರ್ಟ್. ಪಕ್ಕದಲ್ಲಿ ದುಂಡನೆಯ ಆರ್‌ಸಿಎ ಸಾಕೆಟ್ ಒಂದಿದ್ದರೆ ಸಾಮಾನ್ಯವಾಗಿ ಸಿಜಿಎ, ಎರಡಿದ್ದರೆ ಇಜಿಎ. ಎರಡೂ ವಿಜಿಎಗಿಂತ ಮುಂಚಿನ ಐಬಿಎಂನ ಬಣ್ಣದ ಕಾರ್ಡುಗಳ ಥರ. ನಿಮ್ಮದರಲ್ಲಿ ಒಂದೇ ಇದೆ ಅಂದಿದ್ದೀರಿ, ಹಾಗಾಗಿ ಸಿಜಿಎ ಅಂತಲೇ ಇಟ್ಟುಕೊಳ್ಳುತ್ತೇನೆ.

ಸಿಜಿಎ 1981ರದ್ದು. ಕೆಂಪು, ಹಸಿರು, ನೀಲಿಗೆ ಒಂದೊಂದು ತಂತಿ, ಹೊಳಪಿಗೆ ಇನ್ನೊಂದು. ಪ್ರತಿ ತಂತಿಯಲ್ಲೂ ಸಿಗ್ನಲ್ ಉಂಟು ಇಲ್ಲವೇ ಇಲ್ಲ, ಅಷ್ಟೇ. ಹಾಗಾಗಿ ಒಟ್ಟು 16 ಬಣ್ಣ. ಇದರಲ್ಲೊಂದು ತಮಾಷೆ ಇದೆ. ಹೊಳಪಿಲ್ಲದೆ ಕೆಂಪು, ಹಸಿರು ಎರಡೂ ಬಂದರೆ ಮಂಕು ಹಳದಿ ಕಾಣಬೇಕು, ಅಲ್ವಾ? ಐಬಿಎಂನ ಬಣ್ಣದ ಮಾನಿಟರ್ ತಾನೇ ಹಸಿರನ್ನು ತಗ್ಗಿಸಿ ಅದನ್ನು ಕಂದು ಮಾಡ್ತಿತ್ತು. ಕಾರ್ಡಿಗೆ ಇದರ ಸುಳಿವೇ ಇಲ್ಲ!

1987ರಲ್ಲಿ ಬಂದ ವಿಜಿಎ ಬೇರೆಯೇ ಜಾತಿ. ಅದು ಅನಲಾಗ್. ಪ್ರತಿ ಬಣ್ಣದ ತಂತಿಯಲ್ಲೂ 0ಯಿಂದ 0.7 ವೋಲ್ಟ್‌ವರೆಗೆ 64 ಮಟ್ಟ, ಅಂದರೆ 2,62,144 ಬಣ್ಣ. ಅಲ್ಲಿಗೆ ಸಿಜಿಎಯ 5 ವೋಲ್ಟಿನ ಸಿಗ್ನಲ್ ನೇರವಾಗಿ ಕೊಡಬೇಡಿ.

ರೆಸಿಸ್ಟರ್ ಹಾಕಿ ವೋಲ್ಟೇಜ್ ಇಳಿಸಿದರೂ ವೇಗದ ತೊಂದರೆ ಉಳಿಯುತ್ತೆ. ಸಿಜಿಎ ಸೆಕೆಂಡಿಗೆ ಸುಮಾರು 15,700 ಗೆರೆ ಬರೆಯುತ್ತೆ, ವಿಜಿಎ ಸುಮಾರು 31,500. ಈಗಿನ ಬಹುಪಾಲು ಮಾನಿಟರ್‌ಗಳು "ಔಟ್ ಆಫ್ ರೇಂಜ್" ಅಂತ ಕೂತುಬಿಡುತ್ತವೆ. ಹಳೇ ಕಾರ್ಡೇ ಬೇಕು ಅಂದರೆ ರಾಸ್ಪ್‌ಬೆರಿ ಪೈ ಝೀರೋ ಮೇಲೆ ನಡೆಯುವ ಆರ್‌ಜಿಬಿ-ಟು-ಎಚ್‌ಡಿಎಂಐ ಬೋರ್ಡ್ ಕಟ್ಟಿಕೊಳ್ಳಿ. ಕೆಲಸ ಜಾಸ್ತಿ, ಚಿತ್ರ ಮಾತ್ರ ಚೊಕ್ಕವಾಗಿ ಬರುತ್ತೆ.

ನನ್ನ ಕೇಳಿದರೆ ಹಳೆಯ ಐಎಸ್‌ಎ (ಆಗಿನ ಪಿಸಿಗಳ ಸ್ಲಾಟಿಗೆ ಕೂರುವ) ವಿಜಿಎ ಕಾರ್ಡ್ ಹುಡುಕಿ. ಎಕ್ಸ್‌ಟಿಯ ಸ್ಲಾಟ್ 8 ಬಿಟ್. 16 ಬಿಟ್ ಕಾರ್ಡುಗಳಲ್ಲಿ ಕೆಲವು ಅದರಲ್ಲೂ ನಡೆಯುತ್ತವೆ, ಎಲ್ಲವೂ ಅಲ್ಲ. ಹಾಗಾಗಿ ಅಂಗಡಿಯಲ್ಲೇ ವಾಪಸ್ ತಗೋತಾರಾ ಕೇಳಿಕೊಳ್ಳಿ. ಸಿಜಿಎ ಮೋಡ್‌ಗಳು ವಿಜಿಎ ಕಾರ್ಡಿನಲ್ಲೂ ಬರುತ್ತವೆ. ಸಿಜಿಎ ಕಾರ್ಡಿನಲ್ಲಿ ಚಿತ್ರ ನಿಯಂತ್ರಿಸುವ 6845 ಚಿಪ್ಪನ್ನೇ ನೇರವಾಗಿ ಮುಟ್ಟುವ ಕೆಲವು ಹಳೇ ಗೇಮ್‌ಗಳು ಕೈಕೊಡಬಹುದು. ಕಾರ್ಡ್ ಕೂರಿಸುವ ಮುಂಚೆ ಮದರ್‌ಬೋರ್ಡಿನ ಡಿಪ್ ಸ್ವಿಚ್ಚುಗಳಲ್ಲಿ (ಸಾಲಾಗಿರುವ ಪುಟ್ಟ ಸ್ವಿಚ್ಚುಗಳು) 5 ಮತ್ತು 6 ಎರಡನ್ನೂ ಆನ್ ಮಾಡಿ. ಇದು ಐಬಿಎಂ ಬೋರ್ಡಿನ ಲೆಕ್ಕ, ಕ್ಲೋನ್ (ಬೇರೆ ಕಂಪನಿಯ ನಕಲು) ಆದರೆ ಅದರ ಮ್ಯಾನ್ಯುಯಲ್ ನೋಡಿ.