ಚೀಟಿ ಇಲ್ಲದೆ ಪೇಟೆ ಸಾಮಾನು ನೆನಪಿಟ್ಟುಕೊಳ್ಳುವುದು ಹೇಗೆ?

ಪಟ್ಟಿಯನ್ನು ಬಾಯಿಪಾಠ ಮಾಡಬೇಡಿ. ಒಂದೊಂದು ಸಾಮಾನನ್ನೂ ನಿಮ್ಮ ಮನೆಯ ಒಂದೊಂದು ಜಾಗದಲ್ಲಿ ಚಿತ್ರವಾಗಿ ಇಟ್ಟುಬಿಡಿ. ಸಿರಸಿ ಪೇಟೆಯಲ್ಲಿ ನಿಂತು, ಮನಸ್ಸಿನಲ್ಲೇ ಮನೆಯೊಳಗೆ ಒಂದು ಸುತ್ತು ಹಾಕಿದರೆ ಪಟ್ಟಿ ಸಿಗುತ್ತದೆ.

ಜಾಗಗಳ ಕ್ರಮ ಬದಲಾಗಬಾರದು: ದಣಪೆ (ಬೇಲಿಯ ಬಾಗಿಲು), ಅಂಗಳ, ಜಗಲಿ, ದೇವರಕೋಣೆ, ಅಡುಗೆಮನೆ, ಬಚ್ಚಲು, ಕೊಟ್ಟಿಗೆ. ತೋಟದ ಔಷಧಿಗೆ ನೀಲಿ ಹರಳಿನ ಮೈಲುತುತ್ತು ತರಬೇಕೆ? ದಣಪೆಗೆಲ್ಲ ನೀಲಿ ಬಳಿದಿದೆ ಎಂದುಕೊಳ್ಳಿ. ಹಿಂಡಿ ಬೇಕಿದ್ದರೆ, ಚೀಲ ತಲೆದಿಂಬು ಮಾಡಿಕೊಂಡು ಎಮ್ಮೆ ಜಗಲಿಯಲ್ಲಿ ಮಲಗಿದೆ. ಬೆಲ್ಲಕ್ಕೆ, ಬಚ್ಚಲ ಹಂಡೆಯಿಂದ ಪಾಕ ಉಕ್ಕಿ ಒಲೆಗೆ ಸುರಿಯುತ್ತಿದೆ. ‘ಅಡುಗೆಮನೆಯಲ್ಲಿ ಬೆಲ್ಲದ ಡಬ್ಬಿ’ ಎಂದರೆ ಪ್ರಯೋಜನವಿಲ್ಲ. ದಿನಾ ಕಾಣುವುದು ಮನಸ್ಸಿಗೆ ಅಂಟುವುದಿಲ್ಲ.

ಇದು ಕೆಲಸ ಮಾಡುವುದೇಕೆಂದರೆ, ಬಿಡಿಬಿಡಿ ಸಂಗತಿಗಳನ್ನು ಮನಸ್ಸು ಒಮ್ಮೆಗೆ ನಾಲ್ಕೈದರಷ್ಟೇ ಹಿಡಿದಿಡಬಲ್ಲದು. ಮರೆತೆವು ಅನ್ನುವುದು ಬಹಳ ಸಲ ಅಳಿಸಿಹೋದದ್ದಲ್ಲ, ಎತ್ತಿಕೊಳ್ಳಲು ಹಿಡಿ ಸಿಗದದ್ದು. ಪರಿಚಿತ ಜಾಗ ಆ ಹಿಡಿಯಾಗುತ್ತದೆ.

ಬಸ್ಸು ಹತ್ತಿದ ಮೇಲೆ ಒಂದು ಸಲ, ಇಳಿಯುವ ಮೊದಲು ಇನ್ನೊಂದು ಸಲ ಸುತ್ತು ಹಾಕಿ. ಹೊಸತು ಮೊದಲ ಗಂಟೆಗಳಲ್ಲೇ ಹೆಚ್ಚು ಜಾರುತ್ತದೆ ಎಂದು ಜರ್ಮನಿಯ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ 1885ರಲ್ಲೇ ತೋರಿಸಿದ್ದ.

ಕೆಡುವುದು ಸಾಮಾನ್ಯವಾಗಿ ಒಂದೇ ಕಡೆ: ನಿನ್ನೆಯ ಜಾಗಗಳಿಗೇ ಇವತ್ತಿನ ಪಟ್ಟಿ ತುಂಬಿದರೆ ಎರಡೂ ಕಲಸಿಹೋಗುತ್ತವೆ. ಸಂತೆಗೆ ಮನೆ, ಬ್ಯಾಂಕು-ಕಚೇರಿ ಕೆಲಸಕ್ಕೆ ಬಸ್ ದಾರಿಯ ನಿಲ್ದಾಣಗಳು ಎಂದು ಬೇರೆ ಮಾಡಿಕೊಳ್ಳಿ. ಔಷಧದ ಹೆಸರು, ಪ್ರಮಾಣ ಮಾತ್ರ ಚೀಟಿಯಲ್ಲೇ ಇರಲಿ.