ಒಂದು ವರ್ಷ ಇತಿಹಾಸ ಬಿಟ್ಟರೆ ನಷ್ಟವಿಲ್ಲ

ಮನೆಯಲ್ಲೇ ಓದುತ್ತಿರುವ ಹತ್ತು ವರ್ಷದ ಮಗಳಿಗೆ ಈ ವರ್ಷ ಇತಿಹಾಸದ ಬದಲು ಭೂಗೋಳವನ್ನಷ್ಟೇ ಕಲಿಸಿದರೆ ಹಿಂದುಳಿಯುತ್ತಾಳೆಯೇ ಎಂದು ಕೇಳಿದ್ದೀರಿ. ಇಲ್ಲ, ಧೈರ್ಯವಾಗಿ ಕಲಿಸಿ. ರಾಜಧಾನಿಗಳ ಪಟ್ಟಿಯಿಂದ ಮಾತ್ರ ಶುರು ಮಾಡಬೇಡಿ. ನಾನು ಮಗನಿಗೆ ಹಾಗೆ ಮಾಡಿ, ಎರಡೇ ವಾರಕ್ಕೆ ಇಬ್ಬರೂ ಬೇಸತ್ತೆವು.

ಒಂದು ನದಿಯನ್ನು ಹಿಡಿಯಿರಿ. ನಾವು ಆರಿಸಿಕೊಂಡದ್ದು ಕಾವೇರಿ. ತಲಕಾವೇರಿಯಿಂದ ಬಂಗಾಳ ಕೊಲ್ಲಿಯವರೆಗಿನ ಸುಮಾರು 800 ಕಿ.ಮೀ. ದಾರಿಯನ್ನು ಗೋಡೆಗೆ ಅಂಟಿಸಿದ ಹಾಳೆಯ ಮೇಲೆ ವಾರವಾರವೂ ಬೆಳೆಸುತ್ತಾ ಹೋದೆವು. ಪಕ್ಕದಲ್ಲೇ ಅರಬ್ಬೀ ಸಮುದ್ರವಿರುವಾಗ ನದಿ ಪೂರ್ವಕ್ಕೇಕೆ ಹರಿಯುತ್ತದೆ ಎಂದು ಅವನು ಕೇಳಿದ. ಆ ಒಂದು ಪ್ರಶ್ನೆಯ ಬೆನ್ನಿಗೆ ಪಶ್ಚಿಮ ಘಟ್ಟ, ಪ್ರಸ್ಥಭೂಮಿಯ ಇಳಿಜಾರು, ಮಳೆ ನೆರಳು (ಬೆಟ್ಟದ ಮರೆಯಲ್ಲಿ ಮಳೆ ಕಡಿಮೆಯಾಗುವುದು) ಎಲ್ಲವೂ ಬಂದವು. ಮರಳಿನ ಗುಡ್ಡೆ ಮಾಡಿ ಚೊಂಬಿನಿಂದ ನೀರು ಸುರಿದು ನೋಡಿದೆವು. ಅಂಗಳ ಕೆಸರಾಯಿತು, ಅದು ಬೇರೆ ಮಾತು.

ಇತಿಹಾಸ ಕರೆಯದೆಯೂ ಬರುತ್ತದೆ. ಶಿವನಸಮುದ್ರ ತಲುಪಿದ ಮೇಲೆ, 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದದ್ದನ್ನು ಹೇಳದೆ ಮುಂದೆ ಹೋಗಲಾದೀತೇ? ನಕ್ಷೆಯ ಅಳತೆ ಕಲಿಸುವಾಗ, 1800ರಲ್ಲಿ ಬ್ರಿಟಿಷ್ ಭೂಮಾಪಕ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಆಧಾರರೇಖೆ, ಅಂದರೆ ಮುಂದಿನ ಅಳತೆಗಳಿಗೆಲ್ಲ ಬುನಾದಿಯಾಗುವ ಮೊದಲ ಗೆರೆ, ಅಳೆದ ಕತೆಯೂ ಸೇರಿಕೊಂಡಿತು.

ಎಸ್ಸೆಸ್ಸೆಲ್ಸಿಯ ಸಮಾಜ ವಿಜ್ಞಾನದಲ್ಲಿ ಎರಡೂ ಬೇಕು, ನಿಜ. ಅದಕ್ಕೆ ಇನ್ನೂ ಐದಾರು ವರ್ಷವಿದೆ.

ಹಾಂ, ನಕ್ಷೆ ಕೊಳ್ಳುವಾಗ ಎತ್ತರವನ್ನು ಬಣ್ಣಗಳಲ್ಲಿ ತೋರಿಸುವ ಪ್ರಾಕೃತಿಕ ನಕ್ಷೆಯನ್ನೇ ಕೇಳಿ. ಜಿಲ್ಲೆಗೊಂದು ಬಣ್ಣ ಬಳಿದದ್ದು ಈ ಕೆಲಸಕ್ಕೆ ಬಾರದು.