ಥ್ರಿಲ್ಲರ್ ಕಿರುಚಿತ್ರಕ್ಕೆ 40,000 ರೂಪಾಯಿ ಕೂಡಿಸಿದ್ದೇವೆ, ಕ್ಯಾಮೆರಾಕ್ಕೆ ಹಾಕೋದಾ ಲೈಟಿಗಾ?

"ಮಾತೆಲ್ಲ ಆಮೇಲೆ ಡಬ್ ಮಾಡಿಕೊಳ್ತೀವಿ" ಅಂತ ಪ್ರಶ್ನೆಯ ಕೊನೆಗೆ ಸುಮ್ನೆ ಒಂದು ಸಾಲು ಸೇರಿಸಿದ್ದೀರಿ ನೋಡಿ, ಅದನ್ನು ಓದಿ ಎದೆ ಧಸಕ್ಕೆಂದಿತು. ಕೊನೇ ಸೆಮಿಸ್ಟರ್, 20 ನಿಮಿಷದ ಥ್ರಿಲ್ಲರ್, ಕ್ಯಾಮೆರಾನಾ ಲೈಟಾ ಅಂತ ಗೆಳೆಯರ ಜಗಳ. ಎಲ್ಲ ನಮ್ಮದೇ ಕಥೆ. ಆ ಸಾಲೂ ನಮ್ಮದೇ.

ನಾನು ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಓದಿದವನು. ಗೆಳೆಯನೊಬ್ಬನ ಅಜ್ಜನ ಮನೆ ಸಾಗರದ ಹತ್ತಿರದ ಹಳ್ಳಿಯಲ್ಲಿತ್ತು. ಹಳೇ ಕಾಲದ ದೊಡ್ಡ ಮನೆ. ಹಗಲಲ್ಲೂ ಕತ್ತಲಿರುವ ನಡುಮನೆ, ಕಾಲಿಟ್ಟರೆ ಕಿರುಗುಡುವ ಅಟ್ಟದ ಏಣಿ, ಹಿಂದೆ ಅಡಿಕೆ ತೋಟ. ಇಷ್ಟಿದ್ದ ಮೇಲೆ ಥ್ರಿಲ್ಲರ್ ಬಿಟ್ಟು ಇನ್ನೇನು ಮಾಡೋಕಾಗುತ್ತೆ? ಊರಿಗೆ ಬಂದ ಮೊಮ್ಮಗನಿಗೆ, ಅಜ್ಜ ಜಾರಿಬಿದ್ದು ಸತ್ತದ್ದಲ್ಲ ಅಂತ ಅನುಮಾನ ಬರುತ್ತದೆ. ಮನೆಯಲ್ಲಿ ಇರೋದು ಅವನು ಮತ್ತು ಚಿಕ್ಕಪ್ಪ ಮಾತ್ರ. ಅಷ್ಟೇ ಕಥೆ. (ನಿಜವಾದ ಅಜ್ಜ ಗಟ್ಟಿಮುಟ್ಟಾಗಿದ್ದರು. "ಸಾಯ್ಸೋಕೆ ನಾನೇ ಸಿಕ್ಕಿದ್ನೇನ್ರೋ" ಅಂತ ನಗುತ್ತಾ ನಮಗೆಲ್ಲ ಕಾಫಿ ಕೊಡಿಸಿದರು.)

ದುಡ್ಡಿನ ಮುಕ್ಕಾಲು ಪಾಲು ಕ್ಯಾಮೆರಾ, ಲೆನ್ಸ್ ಬಾಡಿಗೆಗೇ ಹೋಯಿತು. ಉಳಿದದ್ದು ಲೈಟಿಗೆ, ಊಟಕ್ಕೆ. ಸೌಂಡಿಗೆ ಅಂತ ಎತ್ತಿಟ್ಟದ್ದು ಸೊನ್ನೆ. ನಮ್ಮ ವಾದ ಏನು ಗೊತ್ತಾ? ಕನ್ನಡ ಸಿನಿಮಾದವರೇ ಇಷ್ಟು ವರ್ಷ ಡಬ್ಬಿಂಗ್ ಮಾಡಿಕೊಂಡು ಬಂದಿದ್ದಾರೆ, ನಮ್ಮದೇನು ದೊಡ್ಡದು? ಆದರೆ ಅವರು ಡಬ್ ಮಾಡುವಾಗಲೂ ಸೆಟ್‌ನಲ್ಲಿ ಪೈಲಟ್ ಟ್ರ್ಯಾಕ್ ಅಂತ ಒಂದು ರೆಕಾರ್ಡ್ ಮಾಡಿಟ್ಟುಕೊಳ್ಳುತ್ತಾರೆ. ಎಷ್ಟೇ ಗಲಾಟೆ ಇರಲಿ, ನಟ ಏನು ಹೇಳಿದ, ಎಲ್ಲಿ ಉಸಿರು ತೆಗೆದುಕೊಂಡ ಅಂತ ಅದರಲ್ಲಿ ಗೊತ್ತಾಗುತ್ತದೆ. ಡೈಲಾಗ್ ಒಂದು ಪದ ಬದಲಾದರೂ ಬರೆದುಕೊಳ್ಳಲು ಸ್ಕ್ರಿಪ್ಟ್ ಹಿಡಿದು ಒಬ್ಬ ಅಸಿಸ್ಟೆಂಟ್ ನಿಂತಿರುತ್ತಾನೆ. ನಮ್ಮಲ್ಲಿ ಎರಡೂ ಇರಲಿಲ್ಲ.

ಕ್ಯಾಮೆರಾದಲ್ಲೇ ಮೈಕ್ ಇರುತ್ತಲ್ಲ ಅಂತ ನೀವು ಕೇಳಬಹುದು. ಇತ್ತು. ಆದರೆ ನಮ್ಮ ಕ್ಯಾಮೆರಾ ಹುಡುಗ, "ಬೇಕಾದರೆ ಎಡಿಟ್‌ನಲ್ಲಿ ನಿಧಾನ ಮಾಡಬಹುದು" ಅಂತ ಚಿಕ್ಕಪ್ಪನ ಸೀನ್‌ಗಳನ್ನೆಲ್ಲ ಸ್ಲೋ ಮೋಷನ್ ಮೋಡ್‌ನಲ್ಲಿ ತೆಗೆದಿದ್ದ. ಆ ಮೋಡ್‌ನಲ್ಲಿ ಆ ಕ್ಯಾಮೆರಾ ಶಬ್ದವನ್ನು ರೆಕಾರ್ಡೇ ಮಾಡುತ್ತಿರಲಿಲ್ಲ. ಒಬ್ಬರೂ ಹೆಡ್‌ಫೋನ್ ಹಾಕಿಕೊಂಡು ಕೇಳಲಿಲ್ಲ. ಕೇಳಲು ನಾವು ಹೆಡ್‌ಫೋನೇ ಒಯ್ದಿರಲಿಲ್ಲ. ಡೈರೆಕ್ಟರ್ ನಾನು, ಹಾಗಾಗಿ ತಪ್ಪೂ ನನ್ನದೇ.

ಇದರ ಬೆಲೆ ಗೊತ್ತಾದದ್ದು ಎಡಿಟಿಂಗ್‌ಗೆ ಕೂತಾಗ. ಅಷ್ಟರಲ್ಲಿ ಚಿಕ್ಕಪ್ಪನ ಪಾರ್ಟ್ ಮಾಡಿದವನು ಪುಣೆಯಲ್ಲಿ ಕೆಲಸಕ್ಕೆ ಸೇರಿಬಿಟ್ಟಿದ್ದ. ಫೋನ್ ಮಾಡಿ "ಆ ಸೀನಲ್ಲಿ ಏನು ಹೇಳಿದ್ದೆ?" ಅಂದರೆ "ನಂಗೇನು ನೆನಪಿರ್ತದೆ ಮಾರಾಯ, ಸ್ಕ್ರಿಪ್ಟಲ್ಲಿ ಇದ್ದದ್ದೇ ಹೇಳಿರ್ತೀನಿ" ಅಂದ. ಹೇಳಿರಲಿಲ್ಲ. ಸ್ಕ್ರಿಪ್ಟಲ್ಲಿ ಇದ್ದ ಸಾಲು "ಉಗ್ರಾಣದ ಕೀ ನನ್ನ ಹತ್ರ ಇಲ್ಲ". ಪ, ಬ, ಮ ಹೇಳುವಾಗ ಎರಡೂ ತುಟಿ ಸೇರಲೇಬೇಕು, ಹೇಳಿ ನೋಡಿ. ಆ ಸಾಲಿನಲ್ಲಿ ಇವು ಒಂದೂ ಇಲ್ಲ. ಸ್ಕ್ರೀನ್ ಮೇಲೆ ನೋಡಿದರೆ ಅವನ ತುಟಿ ಎರಡು ಸಲ ಮುಚ್ಚುತ್ತಿತ್ತು. ಅದೂ ಕ್ಲೋಸಪ್‌ನಲ್ಲಿ! ಹಾಸ್ಟೆಲ್ ರೂಮಲ್ಲಿ ಒಂದೊಂದೇ ಫ್ರೇಮ್ ಮುಂದೆ ತಳ್ಳುತ್ತಾ, ಒಬ್ಬರ ಬಾಯಿ ಒಬ್ಬರು ನೋಡುತ್ತಾ, ರಾತ್ರಿಯೆಲ್ಲ ಆ ಬಾಯಿಗೆ ಹೊಂದುವ ಮಾತು ಹುಡುಕಿದೆವು. ಕೊನೆಗೆ ಕೂತದ್ದು "ಆ ಕೀ ಅಪ್ಪನ ಪೆಟ್ಟಿಗೇಲಿತ್ತು". ತುಟಿಗೇನೋ ಸರಿಹೋಯಿತು. ಆದರೆ ಇಡೀ ಸಿನಿಮಾದಲ್ಲಿ ಎಲ್ಲೂ ಪೆಟ್ಟಿಗೆಯೇ ಇಲ್ಲ. ಕಾಲೇಜಿನಲ್ಲಿ ತೋರಿಸಿದ ದಿನ ಮೇಷ್ಟ್ರೊಬ್ಬರು ಕೇಳಿದ ಮೊದಲ ಪ್ರಶ್ನೆ, "ಆ ಪೆಟ್ಟಿಗೆ ಏನಾಯ್ತಪ್ಪಾ?"

ಇನ್ನು ದನಿ ಯಾರದ್ದು? ಪಕ್ಕದ ರೂಮಿನ ಧಾರವಾಡದ ಹುಡುಗನ ದನಿ ಗಡಸು, ಕೊಲೆಗಾರನಿಗೆ ಹೇಳಿಮಾಡಿಸಿದ್ದು. ಅವನಿಂದ ಡಬ್ ಮಾಡಿಸಿದೆವು. ಪಾಪ, ಮಲೆನಾಡಿನ ಧಾಟಿ ತರಲು ತುಂಬಾ ಕಷ್ಟಪಟ್ಟ. ಆದರೆ ಕ್ಲೈಮ್ಯಾಕ್ಸ್‌ನಲ್ಲಿ, ಬೆನ್ನು ಮಾತ್ರ ಕಾಣುವ ಶಾಟ್‌ನಲ್ಲಿ, ಕತ್ತಲಿಂದ "ಏನ್ ಮಾಡ್ಲಿಕ್ಹತ್ತಿ ಇಲ್ಲಿ?" ಅಂತ ಬಂತು. ಡಬ್ ಮಾಡುವಾಗ ನಮಗ್ಯಾರಿಗೂ ಅದು ಕಿವಿಗೆ ಬಿದ್ದಿರಲಿಲ್ಲ. ಸೆಮಿನಾರ್ ಹಾಲಿಗೆ ಹಾಲೇ ಬಿದ್ದು ಬಿದ್ದು ನಕ್ಕಿತು. ಸಾಗರದ ಚಿಕ್ಕಪ್ಪ ಕೊಲೆ ಮಾಡುವ ಹೊತ್ತಿಗೆ ಧಾರವಾಡದವನಾಗಿಬಿಟ್ಟಿದ್ದ.

ಅದೇ ಸಿನಿಮಾದಲ್ಲಿ ಜನ ನಿಜವಾಗಿ ಹೆದರಿದ ಜಾಗವೂ ಒಂದಿದೆ. ನಾವು ಹೋದಾಗ ಅಡಿಕೆ ಕೊಯ್ಲು ನಡೆಯುತ್ತಿತ್ತು. ಸಂಜೆಯಾದರೆ ಅಂಗಳದಲ್ಲಿ ಅಡಿಕೆ ಸುಲಿಯುವವರು ಸಾಲಾಗಿ ಕೂರುತ್ತಿದ್ದರು. ಸುಲಿದ ಅಡಿಕೆ ತಗಡಿನ ಡಬ್ಬಕ್ಕೆ ಬೀಳುವ ಸದ್ದು. ಟಕ್. ಟಕ್. ಡಬ್ಬ ತುಂಬುತ್ತಾ ಬಂದಂತೆ ಸದ್ದು ಮೆತ್ತಗಾಗುತ್ತದೆ. ನಮಗೆ ಆಗ ಅದೊಂದು ಪೀಡೆ, "ಸ್ವಲ್ಪ ನಿಲ್ಸಿ ಅಮ್ಮಾ" ಅಂತ ಬೇಡಿಕೊಂಡದ್ದೂ ಉಂಟು. ನಮ್ಮಲ್ಲೊಬ್ಬ ಮನೆಗೆ ಕಳಿಸೋಣ ಅಂತ ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದ. ಎಡಿಟ್‌ನಲ್ಲಿ ಬೇರೆ ದಾರಿ ಕಾಣದೆ ಅದನ್ನೇ ಹಾಕಿದೆವು. ಮೊಮ್ಮಗ ಅಟ್ಟ ಹತ್ತುತ್ತಾನೆ, ಕೆಳಗೆ ಚಿಕ್ಕಪ್ಪ ಅಡಿಕೆ ಸುಲಿಯುವ ಸದ್ದು. ಅದು ಕೇಳುತ್ತಿರುವಷ್ಟು ಹೊತ್ತು ಹುಡುಗ ಸುರಕ್ಷಿತ. ಒಮ್ಮೆಲೇ ಸದ್ದು ನಿಲ್ಲುತ್ತದೆ. ತೆರೆಯ ಮೇಲೆ ಇರೋದು ಬರೀ ಕತ್ತಲು. ಮುಂದಿನ ಸಾಲಿನಲ್ಲಿ ಫೋನ್ ಒತ್ತುತ್ತಿದ್ದವನು ತಲೆಯೆತ್ತಿದ. ಬಾಡಿಗೆ ಲೆನ್ಸಿನ ಯಾವ ಶಾಟಿಗೂ ಅವನು ತಲೆ ಎತ್ತಿರಲಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅಂತೀನಿ, ಬೇಜಾರಾಗಬೇಡಿ. ಕ್ಯಾಮೆರಾನೂ ಅಲ್ಲ, ಲೈಟೂ ಅಲ್ಲ. ನಿಮ್ಮಲ್ಲಿ ಯಾರ ಫೋನ್ ಚೆನ್ನಾಗಿದೆಯೋ ಅದರಲ್ಲೇ ತೆಗೆಯಿರಿ. ಮ್ಯಾನ್ಯುಯಲ್ ಕಂಟ್ರೋಲ್ ಇರುವ ಆ್ಯಪ್ ಹಾಕಿಕೊಂಡು ಎಕ್ಸ್‌ಪೋಷರ್ (ಚಿತ್ರ ಎಷ್ಟು ಬೆಳಕಾಗಿ ಕಾಣಬೇಕು ಅನ್ನೋದು) ಲಾಕ್ ಮಾಡಿ, ಶಟರ್ ಸ್ಪೀಡ್, ಅಂದರೆ ಒಂದೊಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತು, ಸೆಕೆಂಡಿನ 1/50ಕ್ಕೆ ಇಡಿ. ನಮ್ಮ ಕರೆಂಟು 50 ಹರ್ಟ್ಸ್. ಹಳೇ ಟ್ಯೂಬ್‌ಲೈಟು, ಕಡಿಮೆ ಬೆಲೆಯ ಎಲ್‌ಇಡಿ ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತವೆ. 1/50 ಅಥವಾ 1/100 ಅಲ್ಲದ ಶಟರ್‌ನಲ್ಲಿ ಗೋಡೆ ಮೇಲೆ ಪಟ್ಟಿ ಓಡಾಡುವ ಅಪಾಯ ಇರುತ್ತದೆ. ಲೈಟಿಗೆ ಒಂದು ಟಾರ್ಚ್, ಒಂದು ಬಲ್ಬು ಸಾಕು. ಥ್ರಿಲ್ಲರ್ ಅಲ್ವಾ, ಕತ್ತಲು ಪುಕ್ಕಟೆ ಸಿಗುತ್ತದೆ.

ಕೈಬಿಚ್ಚಿ ಖರ್ಚು ಮಾಡಬೇಕಾದದ್ದು ಸೌಂಡಿಗೆ. ಒಂದು ರೆಕಾರ್ಡರ್, ಒಂದು ಬೂಮ್ ಮೈಕ್ (ಉದ್ದ ಕೋಲಿನ ತುದಿಗೆ ಸಿಕ್ಕಿಸಿ ಹಿಡಿಯುವ ಮೈಕ್) ಬಾಡಿಗೆಗೆ ತನ್ನಿ. ಮಾತಾಡುವ ಪ್ರತಿಯೊಬ್ಬರ ಕಾಲರಿಗೂ ಒಂದು ಮೈಕ್ ಸಿಕ್ಕಿಸಿ. ರೆಕಾರ್ಡರ್ ಬೇರೆ, ಕ್ಯಾಮೆರಾ ಬೇರೆ ಆದ್ದರಿಂದ ಪ್ರತಿ ಟೇಕಿಗೂ ಕ್ಲ್ಯಾಪ್ ಹೊಡೆಯಿರಿ, ಬರೀ ಕೈ ಚಪ್ಪಾಳೆಯಾದರೂ ಆದೀತು, ಎಡಿಟ್‌ನಲ್ಲಿ ಆ ಸದ್ದು ಹಿಡಿದು ಮಾತನ್ನು ಚಿತ್ರಕ್ಕೆ ಹೊಂದಿಸಬಹುದು. ಆದರೂ ಎರಡೂ ಯಂತ್ರದ ಗಡಿಯಾರ ಪಕ್ಕಾ ಒಂದೇ ವೇಗದಲ್ಲಿ ಓಡುವುದಿಲ್ಲ, ತುಂಬಾ ಉದ್ದದ ಟೇಕ್‌ನಲ್ಲಿ ತುಟಿ ಒಂದು ಕಡೆ, ಮಾತು ಒಂದು ಕಡೆ ಆಗಬಹುದು. ಫ್ಯಾನ್ ಆರಿಸಿ. ಫ್ರಿಜ್ ಆರಿಸಿದರೆ ಬೈಕ್ ಕೀ ಅದರೊಳಗೇ ಇಡಿ, ಹೊರಡುವಾಗ ಆನ್ ಮಾಡಲು ನೆನಪಾಗುತ್ತದೆ. ಪ್ರತಿ ಜಾಗದಲ್ಲೂ ಎಲ್ಲರೂ ಬಾಯಿ ಮುಚ್ಚಿ ನಿಂತು ಅರ್ಧ ನಿಮಿಷ ಅಲ್ಲಿನ ಮೌನವನ್ನೂ ರೆಕಾರ್ಡ್ ಮಾಡಿ. ಮೌನ ಎಲ್ಲ ಕಡೆ ಒಂದೇ ಥರ ಇರುವುದಿಲ್ಲ. ನಮ್ಮ ಒಂದು ಶಾಟ್‌ನಲ್ಲಿ ಜೀರುಂಡೆ ಕಿರುಚುತ್ತಿತ್ತು, ಮುಂದಿನ ಶಾಟ್‌ನಲ್ಲಿ ಮಾಯ. ಆ ಅರ್ಧ ನಿಮಿಷ ಇದ್ದಿದ್ದರೆ ಮಧ್ಯೆ ಹೊಲಿಗೆ ಹಾಕಬಹುದಿತ್ತು.

ಆಮೇಲೆ ಒಬ್ಬರನ್ನು ಬೇರೆ ಯಾವ ಕೆಲಸಕ್ಕೂ ಹಚ್ಚದೆ, ಹೆಡ್‌ಫೋನ್ ಹಾಕಿ ಪೆನ್ನು ಕೊಟ್ಟು ಕೂರಿಸಿ. ಸ್ಕ್ರಿಪ್ಟಲ್ಲಿ ಇಲ್ಲದ ಒಂದು "ಹೂಂ" ಬಂದರೂ ಬರೆದುಕೊಳ್ಳಲಿ. ಇಷ್ಟಾದ ಮೇಲೂ ಡಬ್ ಮಾಡಲೇಬೇಕಾಗಿ ಬಂದರೆ, ನಟರು ಊರು ಬಿಡುವ ಮೊದಲೇ ಮುಗಿಸಿ. ಕೊನೇ ಸೆಮಿಸ್ಟರ್ ಅಂದಿರಿ, ಆಫರ್ ಲೆಟರ್ ನಿಮ್ಮ ಎಡಿಟಿಂಗ್ ಮುಗಿಯಲಿ ಅಂತ ಕಾಯೋದಿಲ್ಲ.

ಟ್ವಿಸ್ಟ್ ಭಾರಿಯಾಗಿದೆ ಅಂತಲೂ ಬರೆದಿದ್ದೀರಿ. ಇರಲಿ, ನಮ್ಮದೂ ಭಾರಿಯಾಗಿಯೇ ಇತ್ತು, ನೆನಪಿಟ್ಟುಕೊಂಡವರು ಯಾರೂ ಇಲ್ಲ. 20 ನಿಮಿಷ ಮಾತ್ರ ಜಾಸ್ತಿಯಾಯಿತು, 10ಕ್ಕೆ ಇಳಿಸಿ. ಎಲ್ಲಿ ಕತ್ತರಿಸೋದು ಅಂತ ಕೇಳಿದರೆ, ನಿಮ್ಮ ಕಥೆಯಲ್ಲಿ ಇದೆ ಅಂತ ನೀವು ಬರೆದಿರುವ ಪೊಲೀಸ್ ಸ್ಟೇಷನ್ ಸೀನ್‌ನಿಂದಲೇ ಶುರು ಮಾಡಿ. ಮೀಸೆ ಚಿಗುರದ ಹುಡುಗ ಬಾಡಿಗೆ ಖಾಕಿ ಹಾಕಿಕೊಂಡು ಬಂದು ಕೂತರೆ ಯಾವ ಸೌಂಡೂ ಕಾಪಾಡುವುದಿಲ್ಲ.